ರಬ್ಬರಾದ ರೊಟ್ಟಿ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಮಗಳ ಫೋನು ಬಂತು. ಅಮೆರಿಕದ ಟೆಕ್ಸಾಸಿನಲ್ಲಿ ಅವಳಿಗೆ ಆಗಿನ್ನೂ ಶನಿವಾರದ ರಾತ್ರಿ. ‘ಅಪ್ಪಾಜಿ, ರೊಟ್ಟಿ ವಿಷಯದಲ್ಲಿ ನೀವು ಹೇಳಿಕೊಟ್ಟದ್ದು ತಪ್ಪು’ ಎಂದಳು. ಕುಶಲ ಪ್ರಶ್ನೆಯೂ ಇಲ್ಲ, ಪೀಠಿಕೆಯೂ ಇಲ್ಲ. ಪಕ್ಕದಲ್ಲಿ ಕಾಫಿ ಸೋಸುತ್ತಿದ್ದ ನನ್ನ ಮನೆಯಾಕೆ ನಕ್ಕದ್ದು ಅಲ್ಲಿಗೂ ಕೇಳಿಸಿರಬೇಕು.

ವಿಷಯ ಹೀಗಿದೆ. ಮಗಳು ಎಂ.ಎಸ್. ಓದಲು ಹೋಗಿ ಇನ್ನೂ ವರ್ಷ ತುಂಬಿಲ್ಲ. ನಾಲ್ವರು ಹುಡುಗಿಯರು ಸೇರಿ ಒಂದು ಮನೆ ಹಿಡಿದಿದ್ದಾರೆ. ಹಿಟ್ಟು ನಾದಿ, ಲಟ್ಟಿಸಿ, ಬೇಯಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಅಲ್ಲಿನ ಅಂಗಡಿಗಳಲ್ಲಿ ‘ಟೋರ್ಟಿಯಾ’ ಎಂಬ ತೆಳು ರೊಟ್ಟಿ ಪೊಟ್ಟಣಗಳಲ್ಲಿ ಸಿಗುತ್ತದೆ. ನೋಡಲು ನಮ್ಮ ಚಪಾತಿಯ ತಂಗಿಯಂತೆ. ಹೊರದೇಶದಲ್ಲಿರುವ ನಮ್ಮ ಹುಡುಗ ಹುಡುಗಿಯರು ಅನೇಕರು ಪಲ್ಯದ ಜತೆಗೆ ಅದನ್ನೇ ತಿಂದು ದಿನ ದೂಡುತ್ತಾರೆ. ಪೊಟ್ಟಣ ಒಡೆದ ದಿನ ಚೆನ್ನಾಗಿತ್ತಂತೆ, ಮೂರನೆಯ ದಿನಕ್ಕೆ ಬಿರುಸು. ಕಾಲೇಜಿನ ಮೈಕ್ರೊವೇವ್ ಒಲೆಯಲ್ಲಿ ಕಾಯಿಸಿದರೆ ಹಲ್ಲಿಗೆ ರಬ್ಬರು. ‘ಏನು ಮಾಡಲಿ?’ ಎಂದು ನಾಲ್ಕು ತಿಂಗಳ ಹಿಂದೆ ಕೇಳಿದ್ದಳು.

ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಉತ್ತರ ಹುಡುಕಲು ಕ್ಷಣವೂ ಬೇಕಾಗಲಿಲ್ಲ. ‘ನೀರು ಆರಿ ಗಟ್ಟಿಯಾಗಿದೆ, ಅಷ್ಟೆ. ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡು. ತಿನ್ನುವಾಗ ಮೈಕ್ರೊವೇವಿನಲ್ಲಿ ಎರಡು ನಿಮಿಷ ಚೆನ್ನಾಗಿ ಕಾಯಿಸು’ ಎಂದೆ. ಮೂರು ಸಲಹೆ. ಅದರಲ್ಲಿ ಒಂದು ಸರಿ, ಎರಡು ತಪ್ಪು.

ಅಪ್ಪ ಸೈನ್ಸ್ ಮೇಷ್ಟ್ರು ಎಂಬ ನಂಬಿಕೆಯಿಂದ ಮಗಳು ಚಾಚೂ ತಪ್ಪದೆ ಪಾಲಿಸಿದಳು. ರೊಟ್ಟಿ ಮತ್ತಷ್ಟು ಕೆಟ್ಟಿತು. ತನ್ನ ಕೈಯಲ್ಲೇ ಏನೋ ದೋಷ ಎಂದುಕೊಂಡು, ವಾರಗಟ್ಟಲೆ ಮಧ್ಯಾಹ್ನದ ಡಬ್ಬಿಯನ್ನು ಅರ್ಧಕ್ಕರ್ಧ ಕಸದ ಬುಟ್ಟಿಗೆ ಸುರಿದು, ಬಿಸ್ಕತ್ತು ತಿಂದು ಸಂಜೆಯವರೆಗೆ ಕಳೆದಿದ್ದಾಳೆ. ಫೋನಿನಲ್ಲಿ ದಿನವೂ ‘ಊಟ ಆಯ್ತಾ?’ ಎಂದು ನಾವು ಕೇಳುವುದು, ‘ಆಯ್ತು’ ಎಂದು ಅವಳು ಹೇಳುವುದು. ಮಕ್ಕಳನ್ನು ದೂರ ಕಳಿಸಿದ ತಂದೆತಾಯಂದಿರಿಗೆ ಆ ‘ಆಯ್ತು’ ಎಂಬುದರ ತೂಕ ಗೊತ್ತಿರುತ್ತದೆ. ಕೊನೆಗೆ ಪ್ರಯೋಗಾಲಯದಲ್ಲಿ ಅವಳ ಜತೆ ಕೆಲಸ ಮಾಡುವ ಮೆಕ್ಸಿಕೋ ದೇಶದ ಹುಡುಗಿಯೊಬ್ಬಳು ಈ ಡಬ್ಬಿಯನ್ನು ನೋಡಿ, ‘ಯಾರು ಹೇಳಿದರು ನಿನಗೆ ಹೀಗೆ ಕಾಯಿಸಲು?’ ಎಂದು ಗದರಿ, ಮನೆಗೆ ಕರೆದೊಯ್ದು ಎಲ್ಲ ಬಗೆಯನ್ನೂ ತೋರಿಸಿದ್ದಾಳೆ.

ಫೋನು ಇಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸ, ನಾಲ್ಕು ತಿಂಗಳ ಹಿಂದೆ ಮಾಡಬೇಕಾಗಿದ್ದದ್ದು. ಮನೆಯಾಕೆಯಿಂದ ಎಣ್ಣೆ ಹಾಕದ ಮೂರು ಚಪಾತಿ ಮಾಡಿಸಿದೆ. ಆರಿದ ಮೇಲೆ ಒಂದೊಂದನ್ನೂ ಶಾಲೆಯ ತಕ್ಕಡಿಯಲ್ಲಿ ತೂಗಿದೆ. ಒಂದನ್ನು ತಟ್ಟೆಯ ಮೇಲೆ ಬಯಲಲ್ಲಿ, ಇನ್ನೊಂದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಮೂರನೆಯದನ್ನು ಅಂಥದೇ ಡಬ್ಬಿಯಲ್ಲಿ ಹಾಕಿ ಮನೆಯ ಫ್ರಿಜ್ಜಿನೊಳಗೆ ಇಟ್ಟೆ. ಮರುದಿನ ಮೂರನ್ನೂ ಒಂಬತ್ತನೆಯ ತರಗತಿಗೆ ಒಯ್ದು ಮಕ್ಕಳ ಮುಂದೆಯೇ ಮತ್ತೆ ತೂಗಿದೆವು. ಬಯಲಲ್ಲಿದ್ದದ್ದು ಹಗುರಾಗಿ ಹಪ್ಪಳದಂತಾಗಿತ್ತು. ಅದು ನಿರೀಕ್ಷಿತವೇ. ಡಬ್ಬಿಯ ಚಪಾತಿಗಳೆರಡರ ತೂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೂ ಹೊರಗಿದ್ದ ಡಬ್ಬಿಯದು ಬಿರುಸಾಗಿತ್ತು, ಫ್ರಿಜ್ಜಿನದು ಮಡಚಿದ ಕಡೆ ಬಿರುಕು ಬಿಟ್ಟಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ತೂಕ ಇಳಿದಿಲ್ಲ ಅಂದಮೇಲೆ ನೀರು ಹೋಗಿಲ್ಲ. ಮತ್ತೆ ಯಾಕೆ ಗಟ್ಟಿಯಾಯ್ತು?’ ಎಂದ.

ಈ ಪ್ರಶ್ನೆ ಹಳೆಯದು. ಫ್ರಾನ್ಸಿನ ರಸಾಯನ ವಿಜ್ಞಾನಿ ಬೂಸಿಂಗೋ 1852ರಲ್ಲಿಯೇ ಬ್ರೆಡ್ಡನ್ನು ಹೀಗೆ ಪರೀಕ್ಷಿಸಿ, ತೇವ ಹೊರಹೋಗದಂತೆ ಮುಚ್ಚಿಟ್ಟರೂ ಅದು ಹಳಸಲು ಬ್ರೆಡ್ಡಾಗುತ್ತದೆ, ಮತ್ತೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮೆತ್ತಗಾಗುತ್ತದೆ ಎಂದು ತೋರಿಸಿದ್ದ. ಗಟ್ಟಿಯಾಗುವುದಕ್ಕೂ ಒಣಗುವುದಕ್ಕೂ ನಂಟಿದೆ, ಆದರೆ ಅವೆರಡೂ ಒಂದೇ ಅಲ್ಲ. ಅವನ ಪ್ರಯೋಗಕ್ಕೆ ಒಂದೂಮುಕ್ಕಾಲು ಶತಮಾನವಾಗುತ್ತ ಬಂದರೂ ನನ್ನ ತಲೆಗೆ ಅದು ಹೊಳೆದಿರಲಿಲ್ಲ.

ಕಾರಣ ಪಿಷ್ಟದಲ್ಲಿದೆ. ಗೋಧಿಯಾಗಲಿ, ಮೆಕ್ಕೆಜೋಳವಾಗಲಿ, ಹಿಟ್ಟಿನ ಬಹುಪಾಲು ಪಿಷ್ಟವೇ. ಹಸಿ ಹಿಟ್ಟಿನಲ್ಲಿ ಅದು ಗಟ್ಟಿ ಕಣಗಳಾಗಿ ಇರುತ್ತದೆ. ನೀರು ಸೇರಿಸಿ ಕಾಯಿಸಿದಾಗ 60ರಿಂದ 75 ಡಿಗ್ರಿಯ ನಡುವೆ ಆ ಕಣಗಳು ನೀರು ಕುಡಿದು ಉಬ್ಬಿ, ಒಳಗಿನ ಉದ್ದುದ್ದ ಅಣುಗಳು ಸಡಿಲಗೊಳ್ಳುತ್ತವೆ. ಗಂಜಿ ಕಾಯಿಸುವಾಗ ನೀರಾಗಿದ್ದದ್ದು ಇದ್ದಕ್ಕಿದ್ದಂತೆ ಮಂದವಾಗುತ್ತದಲ್ಲ, ಅದೇ ಗಳಿಗೆ. ಬಿಸಿ ರೊಟ್ಟಿ ಮೆತ್ತಗಿರುವುದು ಈ ಸಡಿಲ ಅಣುಗಳಿಂದ. ತಣ್ಣಗಾದಂತೆ ಇವು ಮತ್ತೆ ಒಂದರ ಪಕ್ಕ ಒಂದು ಜೋಡಿಸಿಕೊಂಡು ಹರಳುಗಟ್ಟತೊಡಗುತ್ತವೆ. ಆಟದ ಬಿಡುವಿನಲ್ಲಿ ಮೈದಾನದ ತುಂಬ ಚದುರಿದ ಮಕ್ಕಳು ಗಂಟೆ ಹೊಡೆದಾಗ ಸಾಲು ಕಟ್ಟಿದ ಹಾಗೆ. ಸಾಲು ಕಟ್ಟಿದ ಅಣುಗಳು ಬಗ್ಗುವುದಿಲ್ಲ, ರೊಟ್ಟಿಯೂ ಬಗ್ಗುವುದಿಲ್ಲ. ನೀರು ರೊಟ್ಟಿಯೊಳಗೇ ಇರುತ್ತದೆ, ಮೆತ್ತಗಿಡುವ ಕೆಲಸಕ್ಕೆ ಮಾತ್ರ ಸಿಗುವುದಿಲ್ಲ.

ಈ ಸಾಲು ಕಟ್ಟುವ ಕೆಲಸ ಅತಿ ಬೇಗ ನಡೆಯುವುದು ಯಾವ ಉಷ್ಣತೆಯಲ್ಲಿ ಗೊತ್ತೆ? ಸುಮಾರು 4 ಡಿಗ್ರಿಯ ಹತ್ತಿರ, ಅಂದರೆ ಸರಿಯಾಗಿ ಫ್ರಿಜ್ಜಿನ ಒಳಗೆ! ಬೂಸು ಬರದಂತೆ ಫ್ರಿಜ್ಜು ಕಾಪಾಡುತ್ತದೆ ನಿಜ. ಮೆತ್ತಗಿಡುವುದು ಅದರ ಕೆಲಸವಲ್ಲ. ಅದಕ್ಕಿಂತಲೂ ಕೆಳಗೆ, ಮೈನಸ್ 18 ಡಿಗ್ರಿಯ ಫ್ರೀಜರಿಗೆ ಹಾಕಿದರೆ ನೀರು ಹೆಪ್ಪುಗಟ್ಟಿ, ಅಣುಗಳಿಗೆ ಅಲುಗಲು ಎಡೆಯಿಲ್ಲದೆ ಸಾಲು ಕಟ್ಟುವುದು ಹೆಚ್ಚು ಕಡಿಮೆ ನಿಂತೇ ಹೋಗುತ್ತದೆ. ಮೆಕ್ಸಿಕೋದ ಹುಡುಗಿ ಮಗಳಿಗೆ ಹೇಳಿದ ಮೊದಲ ಮಾತೂ ಇದೇ ಅಂತೆ: ಎರಡು ದಿನಕ್ಕೆ ಬೇಕಾದಷ್ಟು ಹೊರಗಿಡು, ಉಳಿದದ್ದನ್ನು ಫ್ರೀಜರಿಗೆ ಹಾಕು. ಅವಳಿಗೆ ಪಿಷ್ಟದ ಪಾಠ ಗೊತ್ತಿತ್ತೋ ಇಲ್ಲವೋ, ಅವಳ ಅಜ್ಜಿಯ ಮನೆಯ ವಾಡಿಕೆಯಂತೂ ಗೊತ್ತಿತ್ತು.

ಟೋರ್ಟಿಯಾ ಎಂಬುದು ಸ್ಪೇನಿನವರು ಇಟ್ಟ ಹೆಸರು. ಅಲ್ಲಿನ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ಅದು ತ್ಲಾಷ್ಕಾಲಿ. ಮೂಲದ ಟೋರ್ಟಿಯಾ ಮೆಕ್ಕೆಜೋಳದ್ದು. ನಮ್ಮ ದಾವಣಗೆರೆ, ಹಾವೇರಿ ಕಡೆ ಹೊಲ ತುಂಬ ಬೆಳೆದು ಹೆಚ್ಚಾಗಿ ಕೋಳಿಗಳ ಮೇವಿಗೆ ಕಳಿಸುವ ಆ ಕಾಳಿನ ತವರು ಮೆಕ್ಸಿಕೋ. ಗೋಧಿಯಲ್ಲಿರುವ ಅಂಟು ಮೆಕ್ಕೆಜೋಳದಲ್ಲಿಲ್ಲ. ನಮ್ಮ ಜೋಳದಲ್ಲೂ ಇಲ್ಲ, ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಪಿಷ್ಟವನ್ನು ಸ್ವಲ್ಪ ಬೇಯಿಸಿ, ಆ ಜಿಗುಟಿನಲ್ಲಿ ರೊಟ್ಟಿ ತಟ್ಟುತ್ತಾರೆ. ಮೆಕ್ಸಿಕೋದವರ ಉಪಾಯ ಬೇರೆ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಹಸಿಯಾಗಿಯೇ ಅರೆಯುತ್ತಾರೆ. ಎಲೆ ಅಡಿಕೆಗೆ ಹಚ್ಚುತ್ತೇವಲ್ಲ, ಆ ಸುಣ್ಣವೇ. ಮೂರು ಸಾವಿರ ವರ್ಷಕ್ಕೂ ಹಿಂದಿನ ಈ ಪದ್ಧತಿಯಿಂದ ಸಿಪ್ಪೆ ಬಿಡುತ್ತದೆ, ಹಿಟ್ಟು ಜಿಗುಟಾಗುತ್ತದೆ, ಮೆಕ್ಕೆಜೋಳದಲ್ಲಿ ಬಂಧಿತವಾಗಿರುವ ನಿಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವಂತಾಗುತ್ತದೆ. ಕಾಳನ್ನು ಮಾತ್ರ ಒಯ್ದು ಸುಣ್ಣದ ವಿದ್ಯೆಯನ್ನು ಬಿಟ್ಟು ಹೋದ ಯುರೋಪಿನ ಬಡವರು, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರು ಪೆಲಾಗ್ರ ರೋಗಕ್ಕೆ ತುತ್ತಾದ ಕಥೆ ದೊಡ್ಡದು, ಇನ್ನೊಂದು ವಾರಕ್ಕಿರಲಿ.

ಈಗ ಕಾಯಿಸುವ ವಿಷಯ. ಹರಳುಗಟ್ಟಿದ ಪಿಷ್ಟದ ಬಹುಪಾಲು 60 ಡಿಗ್ರಿಯ ಸುತ್ತಮುತ್ತ ಸಡಿಲಗೊಳ್ಳುತ್ತದೆ. ಆದ್ದರಿಂದ ರೊಟ್ಟಿಯ ಒಳಕ್ಕೆ ಬಿಸಿ ತಲುಪಬೇಕು, ಒಳಗಿನ ನೀರು ಹೊರಕ್ಕೆ ಹೋಗಬಾರದು. ಯಾವ ವಿಧಾನವೇ ಆಗಲಿ, ಗೆಲ್ಲುವುದೂ ಸೋಲುವುದೂ ಇಷ್ಟರಲ್ಲೇ.

ಮೆಕ್ಸಿಕೋದ ಅಡುಗೆಮನೆಯಲ್ಲಿ ಇದಕ್ಕೆ ‘ಕೋಮಾಲ್’ ಇರುತ್ತದೆ. ಮಣ್ಣಿನದೋ ಕಬ್ಬಿಣದ್ದೋ, ನಮ್ಮ ಹಂಚೇ ಎನ್ನಿ. ಎಣ್ಣೆ ಹಾಕದೆ ಅದನ್ನು ಮೊದಲೇ ಚೆನ್ನಾಗಿ ಕಾಯಿಸಿಕೊಂಡು, ಟೋರ್ಟಿಯಾವನ್ನು ಒಂದೊಂದು ಮಗ್ಗುಲಿಗೆ ಇಪ್ಪತ್ತು ಮೂವತ್ತು ಸೆಕೆಂಡು ಹಾಕಿ ತೆಗೆದುಬಿಡುತ್ತಾರೆ. ನಾವು ತಪ್ಪುವುದು ಇಲ್ಲೇ. ಸೀದು ಹೋದೀತೆಂದು ಸಣ್ಣ ಉರಿಯಲ್ಲಿ ಐದು ನಿಮಿಷ ಇಡುತ್ತೇವೆ. ಅಷ್ಟು ಹೊತ್ತಿನಲ್ಲಿ ನೀರೆಲ್ಲ ಆವಿಯಾಗಿ ಹೋಗಿ ಕೈಗೆ ಬರುವುದು ಹಪ್ಪಳ. ಹಂಚು ಬಿಸಿ, ಸಮಯ ಕಡಿಮೆ ಎಂಬುದೇ ಸರಿ. ಮೊದಲೇ ಒಣಗಿದ್ದರೆ ಒದ್ದೆ ಕೈಯನ್ನು ಎರಡೂ ಕಡೆ ಸವರಿ ಹಾಕಬೇಕು.

ಕೆಲವರು ಗ್ಯಾಸ್ ಉರಿಯ ಮೇಲೆಯೇ ಇಕ್ಕಳದಲ್ಲಿ ಹಿಡಿದು, ಬೇಗಬೇಗ ಮಗುಚಿ, ಅಲ್ಲಲ್ಲಿ ಕರಿ ಚುಕ್ಕೆ ಬೀಳಿಸಿ ತೆಗೆಯುತ್ತಾರೆ. ಹತ್ತು ಹದಿನೈದು ಸೆಕೆಂಡಿನ ಕೆಲಸ. ಫುಲ್ಕ ಉಬ್ಬಿಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸುಟ್ಟ ಕಂಪು ಬರುವುದು ಈ ವಿಧಾನದಲ್ಲಿ ಮಾತ್ರ, ನನಗೆ ಇದೇ ಇಷ್ಟ. ಮಗಳ ಮನೆಯಲ್ಲಿ ಉರಿಯೇ ಇಲ್ಲ, ವಿದ್ಯುತ್ ಸುರುಳಿಯ ಒಲೆ. ಕೆಂಪಗೆ ಕಾದ ಸುರುಳಿಯ ಮೇಲೆ ಟೋರ್ಟಿಯಾ ಹಾಕಿ ಇವಳು ಪಾತ್ರೆ ಹುಡುಕುತ್ತಿದ್ದಾಗ ಹೊಗೆ ಎದ್ದು ಗೋಡೆಯ ಎಚ್ಚರಿಕೆ ಗಂಟೆ ಕೂಗಿಕೊಂಡು, ಮಿಕ್ಕ ಮೂವರು ಹಾಸಿಗೆಯಿಂದ ಎದ್ದು ಹೊರಗೆ ಓಡಿದರಂತೆ. ಚಿಕ್ಕ ಮಕ್ಕಳು ದೊಡ್ಡವರಿಲ್ಲದಾಗ ಉರಿಯ ಹತ್ತಿರ ಈ ಪ್ರಯೋಗಕ್ಕೆ ಹೋಗಬಾರದು.

ಹತ್ತು ಹನ್ನೆರಡು ಜನಕ್ಕೆ ಒಟ್ಟಿಗೆ ಬೇಕಾದಾಗ ಹಬೆಯೇ ಮೇಲು. ಟೋರ್ಟಿಯಾಗಳ ಅಡಕಲನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ತಳದಲ್ಲಿ ಒಂದು ಬೆರಳು ನೀರಿರುವ ಹಬೆ ಪಾತ್ರೆಯ ತಟ್ಟೆಯ ಮೇಲಿಟ್ಟು ಮುಚ್ಚಳ ಮುಚ್ಚುತ್ತಾರೆ. ಆವಿ ಹೊರಟ ಮೇಲೆ ಒಂದೇ ನಿಮಿಷ ಉರಿ. ಆರಿಸಿ, ಮುಚ್ಚಳ ತೆಗೆಯದೆ ಹದಿನೈದು ನಿಮಿಷ ಬಿಟ್ಟರೆ ಅಡಕಲಿನ ನಡುವಿನದೂ ಮೆತ್ತಗಾಗಿರುತ್ತದೆ. ನಮ್ಮಲ್ಲಿ ಇಡ್ಲಿ ಪಾತ್ರೆ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಇಷ್ಟು ಸ್ವಲ್ಪ ಹಬೆ ಹೇಗೆ ಸಾಕಾಗುತ್ತದೆ? ಹತ್ತನೆಯ ತರಗತಿಯವರು ಲೆಕ್ಕ ಹಾಕಿ. ಒಂದು ಗ್ರಾಂ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 75 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ಕುದಿನೀರು ಆವಿಯಾಗಲು ಮತ್ತೆ ಸುಮಾರು 540 ಕ್ಯಾಲೊರಿ ನುಂಗುತ್ತದೆ. ಈ ಗುಪ್ತೋಷ್ಣವನ್ನು ಆವಿ ಹೊತ್ತುಕೊಂಡು ಹೋಗಿ, ತಣ್ಣನೆಯ ರೊಟ್ಟಿಗೆ ತಗುಲಿ ನೀರಾಗುವಾಗ ಅಷ್ಟನ್ನೂ ಅಲ್ಲೇ ಇಳಿಸುತ್ತದೆ. ಬಿಸಿಯೂ ಆಯಿತು, ತೇವವೂ ಉಳಿಯಿತು. ಕುದಿನೀರಿಗಿಂತ ಹಬೆಯ ಸುಟ್ಟಗಾಯ ಘೋರವಾಗುವುದೂ ಇದರಿಂದಲೇ. ಬಟ್ಟೆ ಸುತ್ತುವುದೇಕೆಂದರೆ, ಮುಚ್ಚಳದಿಂದ ತೊಟ್ಟಿಕ್ಕುವ ಹನಿ ರೊಟ್ಟಿಗೆ ಬಿದ್ದರೆ ಅದು ಮುದ್ದೆಯಾಗುತ್ತದೆ.

ಓವನ್ ಇರುವ ಮನೆಗಳಲ್ಲಿ ಅಲ್ಯೂಮಿನಿಯಂ ಹಾಳೆಯಲ್ಲಿ ಅಡಕಲನ್ನು ಬಿಗಿಯಾಗಿ ಸುತ್ತಿ 175 ಡಿಗ್ರಿಯಲ್ಲಿ ಹದಿನೈದು ನಿಮಿಷ ಇಡುವುದುಂಟು. ನಾಲ್ಕು ರೊಟ್ಟಿಗೆ ಇಡೀ ಓವನ್ ಕಾಯಿಸುವುದು ನನಗೇನೋ ದುಂದು ಎನಿಸುತ್ತದೆ.

ಇನ್ನು ನನ್ನ ಮಗಳನ್ನು ಕೆಡಿಸಿದ ಮೈಕ್ರೊವೇವ್. ಅದರೊಳಗೆ ಉರಿಯಿಲ್ಲ, ಬಿಸಿ ಹಂಚಿಲ್ಲ. ಸೆಕೆಂಡಿಗೆ 245 ಕೋಟಿ ಸಲ ಕಂಪಿಸುವ ಅಲೆಗಳು ಆಹಾರದಲ್ಲಿರುವ ನೀರಿನ ಅಣುಗಳನ್ನೇ ಹಿಡಿದು ಅಲುಗಿಸುತ್ತವೆ. ತೆಳ್ಳನೆಯ ಟೋರ್ಟಿಯಾದ ಒಳಗೂ ಹೊರಗೂ ಏಕಕಾಲಕ್ಕೆ ನೀರು ಕಾದು ಆವಿಯಾಗುತ್ತದೆ. ಮುಚ್ಚಿರದಿದ್ದರೆ ಆ ಆವಿ ಹಾರಿಹೋಗುತ್ತದೆ. ನೂರು ಗ್ರಾಂ ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಸುಮಾರು 45 ಗ್ರಾಂ, ಗೋಧಿಯದರಲ್ಲಿ ಸುಮಾರು 32 ಗ್ರಾಂ ನೀರಿರುತ್ತದೆ. ಎರಡು ನಿಮಿಷದಲ್ಲಿ ಅದರ ದೊಡ್ಡ ಪಾಲು ಖಾಲಿ. ಹೊರತೆಗೆದ ಕೂಡಲೆ ಮೆತ್ತಗೇ ಇರುತ್ತದೆ, ಅದೇ ಮೋಸ. ಡಬ್ಬಿಯಿಂದ ಪಲ್ಯ ಬಡಿಸಿಕೊಳ್ಳುವಷ್ಟರಲ್ಲಿ ಆರಿ, ನೀರು ಕಳೆದುಕೊಂಡ ಪಿಷ್ಟವೂ ಗೋಧಿಯ ಅಂಟೂ ಬಿಗಿದುಕೊಂಡು ತೊಗಲಾಗುತ್ತದೆ. ಸರಿಯಾದ ಕ್ರಮವೆಂದರೆ, ನಾಲ್ಕೈದನ್ನು ಒಟ್ಟಿಗೆ ಪೇರಿಸಿ, ಹಿಂಡಿದ ಒದ್ದೆ ಬಟ್ಟೆ ಅಥವಾ ಒದ್ದೆ ಕಾಗದದ ಕರವಸ್ತ್ರದಲ್ಲಿ ಸುತ್ತಿ ಮೂವತ್ತು ಸೆಕೆಂಡು ಇಡುವುದು. ಮುಟ್ಟಿ ನೋಡಿ ಸಾಲದಿದ್ದರೆ ಇನ್ನು ಹತ್ತು ಸೆಕೆಂಡು. ಹೊರಗೆ ತೆಗೆದು ಒಂದೆರಡು ನಿಮಿಷ ಸುತ್ತಿದಂತೆಯೇ ಬಿಡಬೇಕು. ಓವನ್‌ನಲ್ಲಿ ಬಳಸುವ ಅಲ್ಯೂಮಿನಿಯಂ ಹಾಳೆಯನ್ನು ಇದರೊಳಗೆ ಹಾಕಿದರೆ ಕಿಡಿ ಹಾರುತ್ತದೆ, ಜೋಕೆ.

ಯಾವ ಬಗೆಯಲ್ಲಿ ಕಾಯಿಸಿದರೂ ಮೆಕ್ಸಿಕೋದವರು ಕೊನೆಗೆ ಮಾಡುವ ಕೆಲಸ ಒಂದೇ: ಬಟ್ಟೆ ಹಾಸಿದ ಬುಟ್ಟಿಗೆ ಒಂದರ ಮೇಲೊಂದು ಹಾಕಿ ಸುತ್ತಿ ಮುಚ್ಚುವುದು. ಒಂದರ ಆವಿ ಇನ್ನೊಂದಕ್ಕೆ ತಗುಲಿ ಅಂಚೂ ನಡುವೂ ಸಮನಾಗಿ ಮೆತ್ತಗಾಗುತ್ತವೆ. ಇದನ್ನು ಓದಿ ಹೇಳಿದಾಗ ಮನೆಯಾಕೆ, ‘ನಾನು ಇಪ್ಪತ್ತಾರು ವರ್ಷದಿಂದ ಹಳೇ ಪಂಚೆ ಹಾಸಿದ ಬುಟ್ಟಿಯಲ್ಲಿ ರೊಟ್ಟಿ ಹಾಕ್ತಾ ಇರೋದು ಏನಂತ ತಿಳ್ಕೊಂಡಿದ್ರಿ? ಮಗಳು ಫೋನ್ ಮಾಡಿದಾಗ ನನ್ನ ಕೈಗೆ ಕೊಟ್ಟಿದ್ರೆ ಆಗ್ತಿತ್ತು’ ಎಂದಳು. ನಾನು ಕಾಫಿ ಲೋಟ ತೆಗೆದುಕೊಂಡು ಜಗಲಿಗೆ ಬಂದೆ.

ಒಂದು ಮಿತಿಯನ್ನು ಹೇಳಬೇಕು. ಪಿಷ್ಟದಲ್ಲಿ ಎರಡು ಬಗೆಯ ಅಣುಗಳಿವೆ. ಕೊಂಬೆ ಕೊಂಬೆಯಾಗಿ ಒಡೆದ ದೊಡ್ಡ ಅಣುಗಳ ಸಾಲು ದಿನಗಟ್ಟಲೆ ಕಟ್ಟುತ್ತ ಹೋಗುತ್ತದೆ, ಕಾಯಿಸಿದರೆ ಚದುರುತ್ತದೆ. ನೇರವಾದ ಅಣುಗಳು ಬೆಂದ ಕೆಲವೇ ಗಂಟೆಗಳಲ್ಲಿ ಬಿಗಿದುಕೊಳ್ಳುತ್ತವೆ, ಅವನ್ನು ಬಿಡಿಸಲು ನೂರು ಡಿಗ್ರಿಯೂ ಸಾಲದು. ಹಾಗಾಗಿ ಕಾಯಿಸಿದ ಟೋರ್ಟಿಯಾ ಆಗ ತಾನೆ ಬೆಂದದ್ದರಂತೆ ಆಗುವುದೇ ಇಲ್ಲ, ಹತ್ತಿರ ಹೋಗುತ್ತದೆ ಅಷ್ಟೆ. ಮತ್ತೆ ಆರಿದರೆ ಮತ್ತೆ ಬಿಗಿ, ಪ್ರತಿ ಸಲವೂ ಒಂದಿಷ್ಟು ನೀರು ನಷ್ಟ. ಎಷ್ಟು ಬೇಕೋ ಅಷ್ಟನ್ನೇ ಕಾಯಿಸಿ ಬಿಸಿಯಲ್ಲೇ ತಿನ್ನಬೇಕು. ಮೆಕ್ಸಿಕೋದ ಊರುಗಳಲ್ಲಿ ಟೋರ್ಟಿಯಾ ಅಂಗಡಿಗಳಿಂದ ದಿನದಿನವೂ ಕಿಲೋ ಲೆಕ್ಕದಲ್ಲಿ ಬಿಸಿಬಿಸಿ ಕೊಂಡು ತರುವ ರೂಢಿಗೆ ಕಾರಣ ಇದೇ. ಉಳಿದು ಬಿರುಸಾದದ್ದನ್ನು ಅವರೂ ಎಸೆಯುವುದಿಲ್ಲ. ಚೂರು ಮಾಡಿ ಕರಿದು ಮೆಣಸಿನಕಾಯಿಯ ಗೊಜ್ಜಿನಲ್ಲಿ ಹಾಕಿದರೆ ಚಿಲಕೀಲೆಸ್, ಇಡಿಯಾಗಿ ಗರಿಗರಿ ಮಾಡಿದರೆ ಟೊಸ್ತಾಡಾ. ನೀರನ್ನು ಉಳಿಸಲಾಗದಿದ್ದರೆ ಪೂರ್ತಿ ತೆಗೆದುಬಿಡು ಎಂಬ ಈ ಜಾಣತನ ಉತ್ತರ ಕರ್ನಾಟಕದ ಖಡಕ್ ರೊಟ್ಟಿಯಲ್ಲೂ ಇದೆ. ವಾರಗಟ್ಟಲೆ ಕೆಡದ ರೊಟ್ಟಿ ಅದು.

ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ ಇನ್ನೊಂದು ಮಾತು. ಗೋಧಿಯ ಟೋರ್ಟಿಯಾ ಸ್ಪೇನಿನವರು ಗೋಧಿ ತಂದ ಮೇಲೆ ಉತ್ತರ ಮೆಕ್ಸಿಕೋದಲ್ಲಿ ಬೆಳೆದದ್ದು, ಸಂಪ್ರದಾಯದಂತೆ ಅದಕ್ಕೆ ಹಂದಿಯ ಕೊಬ್ಬು ಹಾಕುತ್ತಾರೆ. ಅಂಗಡಿಯವುಗಳಲ್ಲಿ ಎಷ್ಟೋ ಈಗ ಸಸ್ಯದ ಎಣ್ಣೆಯವು. ಸಸ್ಯಾಹಾರಿಗಳು ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿಯೇ ಕೊಳ್ಳಬೇಕು. ಮೆಕ್ಕೆಜೋಳದ್ದು ಸಾಮಾನ್ಯವಾಗಿ ಕಾಳು, ಸುಣ್ಣ, ನೀರು ಇಷ್ಟೇ. ಕಾಯಿಸದೆ ಮಡಚಿದರೆ ಅದು ಒಡೆಯುವುದು ಖಂಡಿತ, ಗೋಧಿಯದು ಸ್ವಲ್ಪ ತಾಳಿಕೊಳ್ಳುತ್ತದೆ.

ಮನೆಯಲ್ಲಿ ತಕ್ಕಡಿ ಇದ್ದವರು ಮೂರು ಚಪಾತಿಯ ಪ್ರಯೋಗ ಮಾಡಿ ನೋಡಿ. ಮೂರೂ ಒಂದೇ ಹಿಟ್ಟಿನವು, ಒಂದೇ ದಪ್ಪದವು ಆಗಿರಲಿ. ಡಬ್ಬಿಗೆ ಹಾಕುವ ಮೊದಲು ಪೂರ್ತಿ ಆರಿರಲಿ, ಇಲ್ಲದಿದ್ದರೆ ಮುಚ್ಚಳದಲ್ಲಿ ಬೆವರು ಕೂತು ತೂಕ ದಾರಿ ತಪ್ಪಿಸುತ್ತದೆ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ತೂಗಿ, ಮಡಚಿ ನೋಡಿ, ಆಮೇಲೆ ಒಂದೊಂದರ ಅರ್ಧವನ್ನು ಬಿಸಿ ಹಂಚಿನಲ್ಲೂ ಇನ್ನರ್ಧವನ್ನು ಇಡ್ಲಿ ಪಾತ್ರೆಯಲ್ಲೂ ಕಾಯಿಸಿ ಹೋಲಿಸಿ. ನಮ್ಮ ತರಗತಿಯಲ್ಲಿ ಬಯಲಲ್ಲಿಟ್ಟ ಚಪಾತಿಗೆ ಹಂಚಿನಿಂದ ಏನೂ ಪ್ರಯೋಜನವಾಗಲಿಲ್ಲ, ಹಬೆಯಲ್ಲಿ ಮಾತ್ರ ತುಸು ಚೇತರಿಸಿತು. ಫ್ರಿಜ್ಜಿನದು ಹಂಚಿನ ಮೇಲೆ ಅರ್ಧ ನಿಮಿಷದಲ್ಲಿ ಮೆತ್ತಗಾದದ್ದನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರಶ್ನೆ ಕೇಳಿದ ಹುಡುಗ ಅದನ್ನು ತಿಂದೂ ಬಿಟ್ಟ.

ಮಗಳು ಈಗ ಮಧ್ಯಾಹ್ನದ ಊಟವನ್ನು ಪೂರ್ತಿ ಮಾಡುತ್ತಿದ್ದಾಳೆ. ಡಬ್ಬಿಯ ಜತೆಗೆ ಒಂದು ಸಣ್ಣ ಬಟ್ಟೆಯೂ ಕಾಲೇಜಿಗೆ ಹೋಗುತ್ತದೆ, ಅಲ್ಲೇ ಒದ್ದೆ ಮಾಡಿ ಹಿಂಡಿಕೊಳ್ಳುತ್ತಾಳೆ. ಹೋದ ವಾರ ಫೋನು ಮಾಡಿದಾಗ, ‘ಫ್ರಿಜ್ಜಿನಲ್ಲಿಟ್ಟ ಅನ್ನ ಮರಳಿನಂತಾಗುತ್ತಲ್ಲ ಅಪ್ಪಾಜಿ, ಅದಕ್ಕೂ ಇದೇ ಕಾರಣವಾ?’ ಎಂದು ಕೇಳಿದಳು. ಎರಡು ದಿನ ತಡೆದು ಹೇಳುತ್ತೇನೆ ಎಂದೆ. ನಮ್ಮ ಫ್ರಿಜ್ಜಿನ ಮೇಲಿನ ಅರೆಯಲ್ಲಿ ಒಂದು ಡಬ್ಬಿ ಸೋನಾಮಸೂರಿ ಅನ್ನ ಕೂತಿದೆ, ಯಾರೂ ಮುಟ್ಟಬಾರದೆಂದು ಚೀಟಿ ಅಂಟಿಸಿದ್ದೇನೆ.